ಧರ್ಮನಿಷ್ಠೆ ಮತ್ತು ಪಕ್ಷನಿಷ್ಠೆ: ಹರ್ಡೇಕರ ಮಂಜಪ್ಪನವರ ಜೀವನದ ಒಂದು ಅವಲೋಕನ

ನಮ್ಮ ಸಂಸ್ಥೆಯ ಸ್ಮರಣ ಸಂಚಿಕೆಯಲ್ಲಿ ಪೂಜ್ಯ ಗುರುಗಳ, ಉದಾರ ದಾನಿಗಳ ಹಾಗೂ ಶಿಕ್ಷಣಪ್ರೇಮಿಗಳ ಜೀವನಚರಿತ್ರೆಗಳು ಪ್ರಕಟವಾಗುವುದು ವಾಡಿಕೆ. ಈ ಸಲ ಯಾವ ಪೀಠವನ್ನೂ ಏರದ, ಯಾವ ವಿಶ್ವವಿದ್ಯಾಲಯದ ಪದವಿಯನ್ನೂ ಪಡೆಯದ, ಶಾಸನಸಭೆಯ ಮೆಟ್ಟಿಲನ್ನೂ ಹತ್ತದ ಒಬ್ಬ ಮಹನೀಯರನ್ನು ಕುರಿತು ಬರೆಯಬೇಕೆಂದು ಮನಸ್ಸಾಯಿತು. ಅವರೇ ಕರ್ನಾಟಕದ ಗಾಂಧಿಯೆಂದು ಜನರಿಂದ ಕರೆಯಿಸಿಕೊಂಡ ಹರ್ಡೇಕರ ಮಂಜಪ್ಪನವರು.

ಹೀಗೆ ಬರೆಯಲು ಕಾರಣವುಂಟು. ಬೆಳಗಾವಿ, ಖಾನಾಪುರಗಳ ಈ ಸೀಮೆಯಲ್ಲಿ ಚುನಾವಣೆ ಬಂದಾಗಲೆಲ್ಲ ಒಂದು ಪ್ರಶ್ನೆ ತಲೆಯೆತ್ತುತ್ತದೆ: ಲಿಂಗವಂತನಾದವನು ಯಾವ ಪಕ್ಷದ ಕಡೆಗಿರಬೇಕು? ಮಠದ ಒಲವು ಎತ್ತ? ಸಮಾಜದ ಹಿತ ಎತ್ತ? ಪ್ರಶ್ನೆ ಕೇಳುವವರು ಅದನ್ನು ಇಂದು ಹುಟ್ಟಿದ ಪ್ರಶ್ನೆಯೆಂದೇ ಭಾವಿಸುತ್ತಾರೆ. ಇದೇ ಬೆಳಗಾವಿಯಲ್ಲಿ ನೂರು ವರ್ಷಗಳ ಹಿಂದೆ ಆ ಪ್ರಶ್ನೆ ಇದಕ್ಕಿಂತ ಬಿಸಿಯಾಗಿ ಉರಿದಿತ್ತು. ಅದಕ್ಕೆ ಮಂಜಪ್ಪನವರು ತಮ್ಮ ಬಾಳಿನಿಂದಲೇ ಒಂದು ಉತ್ತರ ಕೊಟ್ಟಿದ್ದರು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಎಲ್ಲ ಪಕ್ಷದವರೂ ಇರುವುದರಿಂದ ಈ ವಿಷಯವನ್ನು ಮುಟ್ಟದೆ ಬಿಡುವುದೇ ಲೇಸೆಂದು ಕೆಲವರಿಗೆ ತೋರಬಹುದು. ಎಲ್ಲರೂ ಇರುವ ಕಡೆಯಲ್ಲಿಯೇ ಇಂಥ ಮಾತನ್ನು ನೆಮ್ಮದಿಯಿಂದ ಆಡಲು ಬರುತ್ತದೆಂಬುದು ನನ್ನ ಎಣಿಕೆ.

ಮಂಜಪ್ಪನವರು ಹುಟ್ಟಿದ್ದು 1886ನೆಯ ಇಸವಿಯ ಫೆಬ್ರುವರಿ 18ರಂದು, ಕದಂಬರ ರಾಜಧಾನಿಯಾಗಿದ್ದ ಬನವಾಸಿಯಲ್ಲಿ. ಕುಟುಂಬ ಬಡತನದ್ದು. ಆ ಕಾಲದ ಬಡ ಹುಡುಗರಿಗೆ ಎಟುಕುತ್ತಿದ್ದ ಎತ್ತರವೆಂದರೆ ಮುಲ್ಕಿ ಪರೀಕ್ಷೆ. ಅದನ್ನು ದಾಟಿ ಅವರು ಶಿರಸಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಾದರು. ಸರ್ಕಾರಿ ನೌಕರಿ, ಮನೆಯವರ ಪಾಲಿಗೆ ಅದು ದೊಡ್ಡ ಆಸರೆ. ಆದರೆ 1905ರಲ್ಲಿ ವಂಗಭಂಗವಾಗಿ ಸ್ವದೇಶಿ ಚಳವಳಿಯು ದೇಶದ ತುಂಬ ಹಬ್ಬಿದಾಗ ಲೋಕಮಾನ್ಯ ತಿಲಕರ ‘ಕೇಸರಿ’ಯ ಮಾತು ಶಿರಸಿಯ ಈ ತರುಣ ಶಿಕ್ಷಕನ ಮನಸ್ಸನ್ನೂ ತಟ್ಟಿತು. ಸರ್ಕಾರದ ಅನ್ನವನ್ನುಣ್ಣುತ್ತ ಸರ್ಕಾರವನ್ನು ವಿರೋಧಿಸುವುದು ಸರಿಯಲ್ಲವೆಂದು ಬಗೆದು 1906ರಲ್ಲಿ ಅವರು ನೌಕರಿಗೆ ರಾಜೀನಾಮೆ ಕೊಟ್ಟರು. ಆಗ ಅವರ ವಯಸ್ಸು ಕೇವಲ ಇಪ್ಪತ್ತು. ಶಿಕ್ಷಕ ಬಂಧುಗಳು ಈ ಸಂಗತಿಯನ್ನು ಗಮನಿಸಬೇಕು. ಅವರು ಯಾವ ಪಕ್ಷದ ಸದಸ್ಯರಾಗುವುದಕ್ಕೂ ಮೊದಲು ತಮ್ಮ ಅನ್ನದ ಮೂಲವನ್ನು ಪರೀಕ್ಷಿಸಿಕೊಂಡರು. ಮುಂದೆ ಅವರ ಬಾಳಿನಲ್ಲಿ ನಡೆದ ತಿರುವುಗಳಲ್ಲೆಲ್ಲ ಇದೇ ಕ್ರಮವನ್ನು ಕಾಣುತ್ತೇವೆ.

ಶಿರಸಿಯನ್ನು ಬಿಟ್ಟು ಅವರು ದಾವಣಗೆರೆಗೆ ಹೋದರು. ಶಿರಸಿ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ದಾವಣಗೆರೆ ಮೈಸೂರು ಸಂಸ್ಥಾನದ್ದು. ಅಲ್ಲಿ 1906ರಲ್ಲಿಯೇ ‘ಧನುರ್ಧಾರಿ’ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ತಿಲಕರ ವಿಚಾರಗಳನ್ನು ಕನ್ನಡಿಗರಿಗೆ ಮುಟ್ಟಿಸುವುದೇ ಅದರ ಮುಖ್ಯ ಉದ್ದೇಶವಾಗಿತ್ತು. 1908ರಲ್ಲಿ ತಿಲಕರಿಗೆ ಮಂಡಾಲೆಯ ಸೆರೆವಾಸವಾಯಿತು. ಅದೇ ವರ್ಷ ಮೈಸೂರು ಸರ್ಕಾರವು ವೃತ್ತಪತ್ರಿಕೆಗಳ ಮೇಲೆ ಕಠಿಣ ನಿಬಂಧನೆಯನ್ನು ಹೇರಿತು. ರಾಜಕೀಯವನ್ನು ಬಿಚ್ಚಿ ಬರೆಯುವ ದಾರಿ ಮುಚ್ಚಿತು. ಇಂಥ ಸಮಯದಲ್ಲಿ ಕೆಲವರು ಮೌನ ತಾಳಿದರು, ಕೆಲವರು ಸರ್ಕಾರವನ್ನು ಹೊಗಳಿ ಬದುಕಿಕೊಂಡರು. ಮಂಜಪ್ಪನವರ ಮನಸ್ಸು ಒಳಮುಖವಾಯಿತು. ಸ್ವರಾಜ್ಯವನ್ನು ಕೇಳುವ ಜನರ ನಡತೆ ಹೇಗಿರಬೇಕೆಂಬ ಚಿಂತೆ ಅವರನ್ನು ಹಿಡಿಯಿತು. ಅವರು ಮದುವೆಯಾಗಲಿಲ್ಲ; ಬ್ರಹ್ಮಚರ್ಯವನ್ನು ವ್ರತವಾಗಿ ಕೈಕೊಂಡರು. ಶರಣರ ದಾರಿ ಗೃಹಸ್ಥರ ದಾರಿಯಾಗಿದ್ದಿತು, ಬಸವಣ್ಣನವರೇ ಸಂಸಾರಿಗಳು. ಆದ್ದರಿಂದ ಮಂಜಪ್ಪನವರು ಬ್ರಹ್ಮಚರ್ಯಕ್ಕೆ ಕೊಟ್ಟ ಮಹತ್ವವು ಹನ್ನೆರಡನೆಯ ಶತಮಾನಕ್ಕಿಂತ ಅವರ ಕಾಲದ ದೇಶಭಕ್ತರ ಆದರ್ಶಕ್ಕೇ ಹೆಚ್ಚು ಹತ್ತಿರವಾದುದೆಂದು ಹೇಳಿದರೆ ಅವರಿಗೆ ಅಗೌರವ ತೋರಿದಂತಾಗಲಾರದೆಂದು ಭಾವಿಸುತ್ತೇನೆ.

ದಾವಣಗೆರೆಯ ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳ ಸಹವಾಸ ಅವರಿಗೆ ಲಭಿಸಿದ್ದು ಈ ಅವಧಿಯಲ್ಲಿಯೇ. ಇಬ್ಬರೂ ಕೂಡಿ ಶ್ರಾವಣಮಾಸದಲ್ಲಿ ಭಜನೆ, ಉಪನ್ಯಾಸಗಳನ್ನು ಏರ್ಪಡಿಸತೊಡಗಿದರು. 1913ರಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆಚರಿಸಿದರು. ಇಂದು ಜಯಂತಿಯು ಸರ್ಕಾರಿ ರಜೆಯ ದಿನವಾಗಿ, ಊರೂರಿನಲ್ಲಿ ಮೆರವಣಿಗೆಯಾಗಿ ಬೆಳೆದುನಿಂತಿರುವಾಗ ಆ ಮೊದಲ ಆಚರಣೆಯ ಹೊಸತನ ನಮಗೆ ಸುಲಭವಾಗಿ ಗೋಚರಿಸುವುದಿಲ್ಲ. ಅದುವರೆಗೆ ಬಸವಣ್ಣನವರು ಬಹುಜನರಿಗೆ ಪುರಾಣದ ನಂದೀಶ್ವರನ ಅವತಾರ. ಗುಡಿಯಲ್ಲಿ ಎತ್ತಿನ ರೂಪದಲ್ಲಿ ಪೂಜೆಗೊಳ್ಳುವ ದೇವರು. ಪವಾಡಗಳ ಕಥೆಯೊಳಗಿಂದ ಅವರನ್ನು ಹೊರತಂದು, ರಾಜ್ಯದ ಹೊಣೆ ಹೊತ್ತು ಸಮಾಜವನ್ನು ತಿದ್ದಿದ ಮನುಷ್ಯರೆಂದು ಸಾಮಾನ್ಯ ಜನರ ಮುಂದೆ ನಿಲ್ಲಿಸಿದವರಲ್ಲಿ ಮಂಜಪ್ಪನವರು ಮೊದಲಿಗರ ಸಾಲಿನವರು. ತಿಲಕರು ಗಣೇಶೋತ್ಸವವನ್ನೂ ಶಿವಾಜಿ ಉತ್ಸವವನ್ನೂ ಬೀದಿಗೆ ತಂದ ಬಗೆ ಅವರ ಕಣ್ಣಮುಂದಿದ್ದಿತು. ಆದರೆ ಜಯಂತಿಯನ್ನು ಸರ್ಕಾರದ ಮೇಲಿನ ಸಿಟ್ಟಿಗೆ ವಾಹನವನ್ನಾಗಿ ಅವರು ಮಾಡಿಕೊಳ್ಳಲಿಲ್ಲ. ಭಜನೆ, ಕಾಯಕ, ದುಶ್ಚಟ ತ್ಯಾಗ, ವಿದ್ಯೆ, ಇವೇ ಅವರ ಉಪನ್ಯಾಸಗಳ ಹುರುಳು.

ಬಸವಣ್ಣನವರ ಬಾಳಿನಲ್ಲಿಯೇ ನಮ್ಮ ಪ್ರಶ್ನೆಯ ಬೀಜವಿದೆ. ಅವರು ಕಲಚುರಿ ಬಿಜ್ಜಳನ ಭಂಡಾರಿಗಳು. ದೊರೆಯ ಮತ ಬೇರೆ, ಭಂಡಾರಿಯ ನಂಬಿಕೆ ಬೇರೆ. ಭಂಡಾರವನ್ನು ಜಂಗಮರಿಗೆ ಸುರಿದರೆಂಬ ದೂರು ಬಂದಾಗ ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿಯೇ ಇದ್ದಿತೆಂದು ಪುರಾಣಗಳು ಹೇಳುತ್ತವೆ. ಪವಾಡದ ಅಂಶವನ್ನು ಬದಿಗಿಟ್ಟರೂ ಆ ಕಥೆಯ ಒಳಗೆ ಒಂದು ತಿಳಿವಳಿಕೆಯಿದೆ: ದೊರೆಯ ಮತವನ್ನು ಒಪ್ಪದಿದ್ದರೂ ದೊರೆಯ ಹಣಕ್ಕೆ ಕೈ ಹಚ್ಚಬಾರದು. ಹರಳಯ್ಯ, ಮಧುವರಸರ ಮಕ್ಕಳ ವಿವಾಹದ ಕಾರಣದಿಂದ ಆ ಇಬ್ಬರು ಶರಣರಿಗೆ ಘೋರಶಿಕ್ಷೆಯಾದಾಗ ಅಧಿಕಾರದ ಪಕ್ಷವೂ ನಡತೆಯ ಪಕ್ಷವೂ ಬೇರೆಯಾದವು. ಬಸವಣ್ಣನವರು ಕಲ್ಯಾಣವನ್ನು ತೊರೆದು ಕೂಡಲಸಂಗಮದ ಕಡೆಗೆ ನಡೆದರು. ಉಳಿದ ಶರಣರು ಗುಂಪುಗುಂಪಾಗಿ ಚದುರಿದರು. ಅವರಲ್ಲಿ ಉಳವಿಯ ಕಡೆಗೆ ಹೊರಟವರು ನಮ್ಮ ಈ ಸೀಮೆಯನ್ನೇ ಹಾದುಹೋದರು. ಖಾನಾಪುರ ತಾಲೂಕಿನ ಕಕ್ಕೇರಿ ಗ್ರಾಮವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಚನಗಳ ಕಟ್ಟುಗಳನ್ನು ಹೊತ್ತು ಸಾಗುತ್ತಿದ್ದ ಶರಣರನ್ನು ಬೆನ್ನಟ್ಟಿ ಬಂದ ಸೈನ್ಯವನ್ನು ತಡೆದು ಡೋಹರ ಕಕ್ಕಯ್ಯನವರು ಅಲ್ಲಿ ಐಕ್ಯರಾದರೆಂದು ಪರಂಪರೆ ನಂಬುತ್ತದೆ. ಊರಿನ ಹೆಸರಿನಲ್ಲಿಯೇ ಅವರ ನೆನಪು ಉಳಿದಿದೆ. ಚರ್ಮ ಹದಮಾಡುವ ಕಾಯಕದವರೊಬ್ಬರು ಧರ್ಮಗ್ರಂಥಗಳ ರಕ್ಷಣೆಗೆ ಪ್ರಾಣ ಕೊಟ್ಟ ನೆಲವಿದು. ಇಂಥ ಪರಂಪರೆಯನ್ನು ಇಪ್ಪತ್ತನೆಯ ಶತಮಾನದ ರಾಜಕೀಯದೊಳಗೆ ತರುವುದು ಹೇಗೆಂಬುದೇ ಮಂಜಪ್ಪನವರ ಮುಂದಿದ್ದ ಕೆಲಸ.

ಆ ಕೆಲಸ ಸುಲಭದ್ದಾಗಿರಲಿಲ್ಲ. ಅದನ್ನು ತಿಳಿಯಬೇಕಾದರೆ ಮುಂಬಯಿ ಕರ್ನಾಟಕದಲ್ಲಿ ಆಗ ಲಿಂಗಾಯತ ಸಮಾಜದ ಸ್ಥಿತಿ ಹೇಗಿದ್ದಿತೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಜನಸಂಖ್ಯೆಯಲ್ಲಿ ಸಮಾಜ ದೊಡ್ಡದು. ಒಕ್ಕಲುತನ, ವ್ಯಾಪಾರಗಳಲ್ಲಿ ನೆಲೆಯೂರಿದ್ದು. ಆದರೆ ಕಚೇರಿ, ನ್ಯಾಯಾಲಯ, ಶಾಲೆ, ಪತ್ರಿಕೆ, ಎಲ್ಲಿ ನೋಡಿದರೂ ಇಂಗ್ಲಿಷ್ ಕಲಿತ ಲಿಂಗಾಯತರು ಬೆರಳೆಣಿಕೆಯವರು. ಈ ಕೊರತೆಯ ಅರಿವಿನಿಂದಲೇ 1916ರ ನವೆಂಬರಿನಲ್ಲಿ ಏಳು ಜನ ತರುಣ ಶಿಕ್ಷಕರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದರು. ಅರಟಾಳ ರುದ್ರಗೌಡರಂಥ ಹಿರಿಯರು ಬೆನ್ನಿಗೆ ನಿಂತರು. ಮಠಗಳು ಪ್ರಸಾದನಿಲಯಗಳನ್ನು ತೆರೆದವು. ಇದೇ ಕಾಲದಲ್ಲಿ ಮಾಂಟೆಗು–ಚೆಲ್ಮ್ಸ್‌ಫರ್ಡ್ ಸುಧಾರಣೆಗಳಿಂದ ಮತದಾನದ ಹಕ್ಕು ವಿಸ್ತಾರವಾಯಿತು, ಶಾಸನಸಭೆಗೆ ಬೆಲೆ ಬಂದಿತು. ಕಾಂಗ್ರೆಸ್ಸಿನ ನಾಯಕತ್ವವು ಬಹುಮಟ್ಟಿಗೆ ಬ್ರಾಹ್ಮಣರ ಕೈಯಲ್ಲಿದ್ದುದರಿಂದ ಸ್ವರಾಜ್ಯವೆಂದರೆ ಅವರದೇ ರಾಜ್ಯವಾದೀತೆಂಬ ಸಂಶಯ ಉಳಿದ ಸಮಾಜಗಳಲ್ಲಿ ಬೇರೂರಿತು. 1920ರಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು ಹುಬ್ಬಳ್ಳಿಗೆ ಬಂದು ಬ್ರಾಹ್ಮಣೇತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ಲಿಂಗಾಯತ ಮುಖಂಡರಲ್ಲಿ ಅನೇಕರು ಆ ಚಳವಳಿಯ ಜೊತೆಗೆ ನಿಂತರು.

ಅವರನ್ನು ಇಂದು ಕುಳಿತು ದೇಶದ್ರೋಹಿಗಳೆಂದು ಹಳಿಯುವುದು ಸುಲಭ; ಅದು ನ್ಯಾಯವಲ್ಲ. ಶತಮಾನಗಳಿಂದ ವಿದ್ಯೆಯ ಬಾಗಿಲಿನ ಹೊರಗೆ ನಿಂತವನು ಬಾಗಿಲು ತೆರೆಯುವ ಕೈಯನ್ನು ಹಿಡಿಯುತ್ತಾನೆ. ಆ ಕೈ ಪರಕೀಯರದೆಂಬ ಮಾತು ಅವನಿಗೆ ಆಮೇಲಿನದು. ನಮ್ಮ ವಿದ್ಯಾರ್ಥಿನಿಲಯಗಳು, ವಿದ್ಯಾರ್ಥಿವೇತನಗಳು, ನೌಕರಿಯಲ್ಲಿ ಮೀಸಲು ಮುಂತಾದ ಅನುಕೂಲಗಳ ಹಿಂದೆ ಆ ಚಳವಳಿಯ ದುಡಿಮೆಯೂ ಇದೆ. ಮಂಜಪ್ಪನವರು ಈ ನೋವನ್ನು ಅರಿಯದವರಾಗಿರಲಿಲ್ಲ. ತಾವೇ ಮುಲ್ಕಿಯಲ್ಲಿ ನಿಂತುಹೋದ ಬಡವರ ಮನೆಯ ಮಗ. ಆದರೂ ಸಮಾಜದ ಅಭ್ಯುದಯಕ್ಕೆ ಅವರು ಹಿಡಿದ ದಾರಿ ಬೇರೆ. ಅವರು ಗಾಂಧೀಜಿಯವರ ಕಡೆಗೆ ತಿರುಗಿದರು.

ಗಾಂಧೀಜಿಯವರ ಚರಿತ್ರೆಯನ್ನು ಕನ್ನಡದಲ್ಲಿ ಮೊದಮೊದಲು ಬರೆದವರಲ್ಲಿ ಮಂಜಪ್ಪನವರೊಬ್ಬರು. ಸಾಬರಮತಿಯ ಸತ್ಯಾಗ್ರಹಾಶ್ರಮಕ್ಕೆ ಹೋಗಿ ಅಲ್ಲಿಯ ದಿನಚರಿಯನ್ನು ಕಣ್ಣಾರೆ ಕಂಡುಬಂದರು. ನೂಲುವುದು, ನೆಯ್ಯುವುದು, ಕಕ್ಕಸು ಬಳಿಯುವುದು, ಪ್ರಾರ್ಥನೆ, ಎಲ್ಲಕ್ಕೂ ಅಲ್ಲಿ ಒಂದೇ ಗೌರವ. ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಶರಣರ ನಂಬಿಕೆಯನ್ನು ಗುಜರಾತದ ನದಿಯ ದಡದಲ್ಲಿ ಆಚರಣೆಯಲ್ಲಿ ಕಂಡಂತೆ ಅವರಿಗೆ ಆಗಿರಬೇಕು. 1923ರಲ್ಲಿ ಹರಿಹರದಲ್ಲಿ, ತುಂಗಭದ್ರೆಯ ತೀರದಲ್ಲಿ, ಅದೇ ಮಾದರಿಯ ಆಶ್ರಮವೊಂದನ್ನು ತಾವೇ ಕಟ್ಟಿದರು. ಖಾದಿಯ ಶಾಸ್ತ್ರವನ್ನು ಕುರಿತು ಬರೆದರು. ಬಸವಣ್ಣನವರನ್ನು ಗಾಂಧಿಯ ಕಣ್ಣಿನಿಂದಲೂ ಗಾಂಧಿಯನ್ನು ಬಸವಣ್ಣನವರ ಕಣ್ಣಿನಿಂದಲೂ ನೋಡುವ ಅಭ್ಯಾಸ ಅವರಲ್ಲಿ ಬಲಿಯಿತು. ಇದರಲ್ಲಿ ಕೆಲವೊಮ್ಮೆ ಅತಿರೇಕವೂ ಆಯಿತೆಂಬುದನ್ನು ಒಪ್ಪಬೇಕು. ಹನ್ನೆರಡನೆಯ ಶತಮಾನದ ಶರಣರ ಬಾಯಲ್ಲಿ ಸತ್ಯಾಗ್ರಹದ ಪರಿಭಾಷೆಯನ್ನು ತುಂಬಿದಾಗ ಕಕ್ಕೇರಿಯಲ್ಲಿ ಖಡ್ಗ ಹಿಡಿದ ಕಕ್ಕಯ್ಯನವರಿಗೆ ಸ್ಥಳವೆಲ್ಲಿ? ಆದರೆ ಇದು ಪಂಡಿತರ ಆಕ್ಷೇಪ. ಮಂಜಪ್ಪನವರು ಪಾಂಡಿತ್ಯಕ್ಕಾಗಿ ಬರೆದವರಲ್ಲ.

ಇನ್ನು ಬೆಳಗಾವಿಯ ಮಾತು. 1924ರ ಡಿಸೆಂಬರ್ 26 ಮತ್ತು 27ರಂದು ಕಾಂಗ್ರೆಸ್ಸಿನ 39ನೆಯ ಅಧಿವೇಶನವು ಇಲ್ಲಿ ಸೇರಿತು. ಗಾಂಧೀಜಿಯವರು ತಮ್ಮ ಜೀವಮಾನದಲ್ಲಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಹುದಲಿಯ ಗಂಗಾಧರರಾವ ದೇಶಪಾಂಡೆಯವರು ಸ್ವಾಗತದ ಭಾರವನ್ನೆಲ್ಲ ಹೊತ್ತಿದ್ದರು. ಟಿಳಕವಾಡಿಯ ಬಯಲಿನಲ್ಲಿ, ಖಾನಾಪುರದ ಕಡೆಗೆ ಹೋಗುವ ಹಾದಿಯ ಸಮೀಪ, ವಿಜಯನಗರವೆಂಬ ಹೆಸರಿನ ಡೇರೆಗಳ ಪಟ್ಟಣವೇ ಎದ್ದಿತು. ನೀರಿಗಾಗಿ ತೋಡಿಸಿದ ಬಾವಿಗೆ ಪಂಪಾ ಸರೋವರವೆಂದು ಹೆಸರಿಟ್ಟರು. ಅದಕ್ಕೆ ತಗಲಿದ ವೆಚ್ಚ 4,370 ರೂಪಾಯಿ 3 ಆಣೆ. ಮೂರು ಆಣೆಯನ್ನೂ ಬರೆದಿಟ್ಟ ಆ ಲೆಕ್ಕಪತ್ರವನ್ನು ಇಂದಿನ ಉತ್ಸವ ಸಮಿತಿಗಳವರು ಒಮ್ಮೆ ನೋಡಬೇಕು. ಖರ್ಚು ಕಳೆದು ಏಳುನೂರು ಚಿಲ್ಲರೆ ರೂಪಾಯಿ ಉಳಿಯಿತು. ಇಷ್ಟಾದರೂ ತಮಗಾಗಿ ಕಟ್ಟಿದ್ದ ಕುಟೀರಕ್ಕೆ ಹಣ ಹೆಚ್ಚು ಸುರಿದಿದ್ದಾರೆಂದು ಗಾಂಧೀಜಿ ಆಕ್ಷೇಪಿಸಿದರು. ಶಿಬಿರದ ಕಕ್ಕಸುಗಳನ್ನು ಶುಚಿಮಾಡುವ ಕೆಲಸವನ್ನು ಕಾಕಾಸಾಹೇಬ ಕಾಲೇಲ್ಕರರ ಮುಂದಾಳುತನದಲ್ಲಿ ಸ್ವಯಂಸೇವಕರೇ ಮಾಡಿದರು. ಅವರಲ್ಲಿ ಬ್ರಾಹ್ಮಣ ತರುಣರು ಬಹಳ ಮಂದಿ.

ದಕ್ಷಿಣದಿಂದ ಬರುವವರಿಗೆ ಲೋಂಡಾ, ಖಾನಾಪುರಗಳ ಮೇಲಿನ ಮೀಟರ್‌ಗೇಜ್ ರೈಲೇ ದಾರಿ. ಮಂಜಪ್ಪನವರು ಈ ಅಧಿವೇಶನಕ್ಕೆ ಒಬ್ಬಂಟಿಗರಾಗಿ ಬರಲಿಲ್ಲ. ಬಸವೇಶ್ವರ ಸೇವಾದಳವೆಂಬ ಸ್ವಯಂಸೇವಕರ ಪಡೆಯನ್ನು ಕಟ್ಟಿ, ಅಧಿವೇಶನದ ಸೇವೆಗೆ ನಿಲ್ಲಿಸಿದರು. ಆ ಹೆಸರನ್ನು ಒಂದು ಕ್ಷಣ ವಿಚಾರಿಸಿ ನೋಡೋಣ. ಡಾಕ್ಟರ್ ಹರ್ಡೀಕರರ ಹಿಂದುಸ್ಥಾನಿ ಸೇವಾದಳವು ಅಲ್ಲಿದ್ದೇ ಇದ್ದಿತು. ಅದರೊಳಗೆ ಸೇರಿಕೊಳ್ಳಲು ಅಡ್ಡಿಯೇನೂ ಇರಲಿಲ್ಲ. ಬಸವೇಶ್ವರನ ಹೆಸರನ್ನು ಹೊತ್ತು ಕಾಂಗ್ರೆಸ್ಸಿನ ಮಂಟಪಕ್ಕೆ ಬರುವುದೆಂದರೆ ಎರಡು ಕಡೆಯಿಂದಲೂ ಪ್ರಶ್ನೆಗೆ ಗುರಿಯಾಗುವುದು. ರಾಷ್ಟ್ರೀಯ ಸಭೆಯಲ್ಲಿ ಮತದ ಹೆಸರೇಕೆಂದು ಒಬ್ಬರು ಕೇಳಿಯಾರು. ನಮ್ಮ ಸಮಾಜದ ಗುರುವಿನ ಹೆಸರನ್ನು ಅನ್ಯರ ಪಕ್ಷಕ್ಕೆ ಒತ್ತೆಯಿಟ್ಟೆಯಾ ಎಂದು ಮತ್ತೊಬ್ಬರು ಕೇಳಿಯಾರು. ಎರಡನೆಯ ಪ್ರಶ್ನೆಗೆ ಆ ದಿನಗಳಲ್ಲಿ ಬಹಳ ಹರಿತವಿದ್ದಿತು. ಏಕೆಂದರೆ ಅದೇ ಡಿಸೆಂಬರಿನಲ್ಲಿ ಇದೇ ಬೆಳಗಾವಿಯಲ್ಲಿ ಬ್ರಾಹ್ಮಣೇತರರ ಪರಿಷತ್ತೂ ಸೇರಿತ್ತು. ಒಂದೇ ಊರು, ಎರಡು ಮಂಟಪ. ಲಿಂಗಾಯತ ಸಮಾಜದ ಜನ ಎರಡರಲ್ಲಿಯೂ ಇದ್ದರು.

ಅಷ್ಟೇ ಅಲ್ಲ, ಪ್ರಥಮ ಕರ್ನಾಟಕ ಏಕೀಕರಣ ಪರಿಷತ್ತು ಕೂಡ ಅದೇ ಸಂದರ್ಭದಲ್ಲಿ ಇಲ್ಲಿ ನಡೆದು, ಅದಕ್ಕೆ ಸಿದ್ದಪ್ಪ ಕಂಬಳಿಯವರು ಅಧ್ಯಕ್ಷರಾಗಿದ್ದರು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಆ ಅಧಿವೇಶನದಲ್ಲಿ ಮೊಳಗಿದ್ದನ್ನು ಎಲ್ಲರೂ ನೆನೆಯುತ್ತಾರೆ; ಕಂಬಳಿಯವರ ಅಧ್ಯಕ್ಷತೆಯನ್ನು ನೆನೆಯುವವರು ಕಡಿಮೆ. ಕಂಬಳಿಯವರು ಕಾಂಗ್ರೆಸ್ಸಿನವರಲ್ಲ, ಬ್ರಾಹ್ಮಣೇತರ ಪಕ್ಷದ ಧುರೀಣರು, ಮುಂದೆ 1930ರಿಂದ 1937ರವರೆಗೆ ಮುಂಬಯಿ ಸರ್ಕಾರದಲ್ಲಿ ಮಂತ್ರಿಗಳಾಗಿ ಶಿಕ್ಷಣದ ಖಾತೆಯನ್ನು ನಿರ್ವಹಿಸಿದವರು. ಅವರೂ ಇಷ್ಟಲಿಂಗಧಾರಿಗಳೇ, ಮಂಜಪ್ಪನವರೂ ಇಷ್ಟಲಿಂಗಧಾರಿಗಳೇ. ಒಬ್ಬರು ಸರ್ಕಾರದೊಳಗಿದ್ದು ಹಿಂದುಳಿದವರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಿಸಲು ದುಡಿದರು. ಇನ್ನೊಬ್ಬರು ಸರ್ಕಾರದ ನೌಕರಿಯನ್ನು ಬಿಟ್ಟು ನೂಲುತ್ತ ಕುಳಿತರು. ಇವರಲ್ಲಿ ಯಾರು ನಿಜವಾದ ಲಿಂಗವಂತರೆಂದು ಪಕ್ಷದ ಚೀಟಿಯನ್ನು ನೋಡಿ ತೀರ್ಮಾನಿಸಲು ಬರುವುದೇ? ನನ್ನ ತಿಳಿವಳಿಕೆಗೆ ಬರುವುದಿಲ್ಲ. ಕನ್ನಡ ನಾಡು ಒಂದಾಗಬೇಕೆಂಬ ವಿಷಯದಲ್ಲಿ ಬೇರೆ ಬೇರೆ ಪಕ್ಷಗಳ ಜನ ಒಂದೇ ವೇದಿಕೆಯನ್ನು ಏರಲು ಸಾಧ್ಯವಾದುದು ಈ ಊರಿನ ಹಿರಿಮೆ.

ಬೆಳಗಾವಿಯ ಅಧಿವೇಶನ ಮಾಡಿದ ಒಂದು ಠರಾವನ್ನು ಇಲ್ಲಿ ವಿಸ್ತಾರವಾಗಿ ಹೇಳಬೇಕು. ಅದುವರೆಗೆ ವರ್ಷಕ್ಕೆ ನಾಲ್ಕಾಣೆ ಕೊಟ್ಟವನು ಕಾಂಗ್ರೆಸ್ಸಿನ ಸದಸ್ಯನಾಗುತ್ತಿದ್ದ. ಬೆಳಗಾವಿಯಲ್ಲಿ ಆ ನಿಯಮವನ್ನು ಬದಲಿಸಿ, ಸದಸ್ಯನಾದವನು ತಿಂಗಳಿಗೆ 2,000 ಗಜ, ಎಂದರೆ ವರ್ಷಕ್ಕೆ 24,000 ಗಜ ನೂಲನ್ನು ಕೊಡಬೇಕೆಂದೂ ಕಾಂಗ್ರೆಸ್ಸಿನ ಸಭೆಗಳಲ್ಲಿ ಖಾದಿಯನ್ನೇ ಉಡಬೇಕೆಂದೂ ಗೊತ್ತುಮಾಡಲಾಯಿತು. ತಾನೇ ನೂಲಲು ಮನಸ್ಸಿಲ್ಲದವನು ಬೇರೆಯವರಿಂದ ನೂಲಿಸಿ ತಂದುಕೊಡಬಹುದೆಂಬ ರಿಯಾಯಿತಿಯನ್ನು ಸ್ವರಾಜ್ಯ ಪಕ್ಷದವರೊಡನೆ ಆದ ಒಪ್ಪಂದದ ಮೇರೆಗೆ ಇಟ್ಟಿದ್ದರು. ರಾಜಕೀಯ ಪಕ್ಷವೊಂದರ ಸದಸ್ಯತ್ವವನ್ನು ದೈಹಿಕ ಶ್ರಮಕ್ಕೆ ಕಟ್ಟಿಹಾಕಿದ ಉದಾಹರಣೆ ಜಗತ್ತಿನ ಇತಿಹಾಸದಲ್ಲಿ ವಿರಳ. ಕಾಯಕವಿಲ್ಲದವನಿಗೆ ಪ್ರಸಾದವಿಲ್ಲವೆಂಬ ಸಂಸ್ಕಾರದಲ್ಲಿ ಬೆಳೆದ ಮಂಜಪ್ಪನವರಂಥವರಿಗೆ ಈ ಠರಾವು ಎಷ್ಟು ಹಿಡಿಸಿರಬೇಕೆಂಬುದನ್ನು ಊಹಿಸಬಹುದು. ಲಿಂಗವನ್ನು ಕಟ್ಟಿಕೊಂಡ ಮಾತ್ರಕ್ಕೆ ಭಕ್ತನಾಗುವುದಿಲ್ಲ, ನಡೆಯಿಂದ ಆಗುತ್ತಾನೆ. ಹಾಗೆಯೇ ಚಂದಾ ಕೊಟ್ಟ ಮಾತ್ರಕ್ಕೆ ದೇಶಭಕ್ತನಾಗುವುದಿಲ್ಲ.

ಆ ನಿಯಮ ಬಾಳಿದ್ದು ಒಂಬತ್ತು ತಿಂಗಳು. ನೂಲು ಬರಲಿಲ್ಲ, ಬಂದ ನೂಲು ಕೂಡ ಕೊಂಡು ತಂದುದೇ ಹೆಚ್ಚಾಯಿತು, ಸದಸ್ಯರ ಸಂಖ್ಯೆ ಇಳಿಯಿತು. 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಸೇರಿದ ಕಾಂಗ್ರೆಸ್ ಸಮಿತಿಯು ನಾಲ್ಕಾಣೆಯನ್ನು ಮತ್ತೆ ಒಪ್ಪಿಕೊಂಡು, ನೂಲುವುದನ್ನು ಐಚ್ಛಿಕವಾಗಿ ಮಾಡಿತು. ಖಾದಿಯ ಕೆಲಸವನ್ನು ಚರಕಾ ಸಂಘವೆಂಬ ಬೇರೆ ಸಂಸ್ಥೆಗೆ ವಹಿಸಲಾಯಿತು. ಪಕ್ಷ ತನ್ನ ದಾರಿ ಹಿಡಿಯಿತು, ವ್ರತ ತನ್ನ ದಾರಿ ಹಿಡಿಯಿತು. ಈ ಕವಲಿನಲ್ಲಿ ಮಂಜಪ್ಪನವರು ಯಾವ ಕಡೆಗೆ ಹೊರಳಿದರೆಂಬುದೇ ಅವರ ಉತ್ತರಾರ್ಧದ ಜೀವನ.

ಅವರು ಕಾಂಗ್ರೆಸ್ಸನ್ನು ಬಿಟ್ಟು ವಿರೋಧ ಪಕ್ಷಕ್ಕೆ ಹೋಗಲಿಲ್ಲ. ಕಾಂಗ್ರೆಸ್ಸಿನೊಳಗೆ ಸ್ಥಾನಮಾನಗಳನ್ನೂ ಹುಡುಕಲಿಲ್ಲ. 1927ರಲ್ಲಿ ಆಗಿನ ವಿಜಾಪುರ ಜಿಲ್ಲೆಯ ಆಲಮಟ್ಟಿಯಲ್ಲಿ, ಕೃಷ್ಣಾನದಿಯ ತಟದಲ್ಲಿ, ವಿದ್ಯಾಲಯವೊಂದನ್ನು ತೆರೆದರು. ಬಸವಣ್ಣನವರ ಜನ್ಮಭೂಮಿಯಾದ ಬಾಗೇವಾಡಿಯೂ ಐಕ್ಯಸ್ಥಳವಾದ ಕೂಡಲಸಂಗಮವೂ ಆ ಸ್ಥಳಕ್ಕೆ ದೂರವಲ್ಲ. ಅಲ್ಲಿ ವಿದ್ಯಾರ್ಥಿಗಳು ಓದುವುದರ ಜೊತೆಗೆ ನೂಲಬೇಕು, ಹೊಲದಲ್ಲಿ ದುಡಿಯಬೇಕು, ಸಾಮೂಹಿಕ ಪ್ರಾರ್ಥನೆ ಮಾಡಬೇಕು. ಪರೀಕ್ಷೆ ಪಾಸಾಗಿ ಗುಮಾಸ್ತನಾಗುವುದಕ್ಕೆ ಬೇಕಾದ ವಿದ್ಯೆ ಅದಾಗಿರಲಿಲ್ಲ. ನಮ್ಮ ಶಿಕ್ಷಣ ಸಂಸ್ಥೆಗಳು ಹಿಡಿದ ದಾರಿ ಬೇರೆ. ಪದವಿಯನ್ನೂ ಉದ್ಯೋಗವನ್ನೂ ಸಮಾಜದ ಮಕ್ಕಳಿಗೆ ದೊರಕಿಸಿಕೊಡುವುದೇ ನಮ್ಮ ಹಿರಿಯರ ಸಂಕಲ್ಪವಾಗಿತ್ತು. ನಮ್ಮ ಸಮಾಜ ಇಂದು ಇಷ್ಟು ಮುಂದೆ ಬಂದಿರುವುದಕ್ಕೆ ಆ ಸಂಕಲ್ಪವೇ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಹಾಗಿದ್ದರೂ ಆಲಮಟ್ಟಿಯ ಮಾದರಿಯು ನಮ್ಮ ಶಾಲೆಗಳ ಮುಂದೆ ಒಂದು ಪ್ರಶ್ನೆಯಾಗಿ ನಿಂತೇ ಇದೆ. ಮಡಿಕೆ, ಕುಡಿಕೆ, ಹಂಚುಗಳಿಗೆ ಹೆಸರಾದ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದವರು ಗ್ರಾಮೀಣ ಕುಂಬಾರಿಕೆಯ ತರಬೇತಿ ಕೇಂದ್ರವನ್ನು ತೆರೆದರು. ನಮ್ಮ ಎಷ್ಟು ಶಾಲೆಗಳ ಮಕ್ಕಳು ಅದರ ಬಾಗಿಲಿನೊಳಗೆ ಕಾಲಿಟ್ಟಿದ್ದಾರೆ?

ಆಲಮಟ್ಟಿಯಲ್ಲಿದ್ದುಕೊಂಡು ಮಂಜಪ್ಪನವರು ‘ಶರಣ ಸಂದೇಶ’ ಪತ್ರಿಕೆಯನ್ನು ನಡೆಸಿದರು. ‘ಉದ್ಯೋಗ’ವೆಂಬ ಪತ್ರಿಕೆಯನ್ನೂ ಹೊರತಂದರು. ಅವರು ಬರೆದ ಗ್ರಂಥಗಳು ಹತ್ತಾರು: ಬಸವ ಚರಿತ್ರೆ, ಶರಣರ ಜೀವನ, ಖಾದಿ, ಸ್ತ್ರೀಯರ ನೀತಿ, ಆರೋಗ್ಯ, ಬುದ್ಧ. ಬೆಲೆ ಕಡಿಮೆ, ಭಾಷೆ ಸರಳ. ಹಳ್ಳಿಯ ಓದುಬಲ್ಲವನು ಸಂಜೆ ದೀಪದ ಬೆಳಕಿನಲ್ಲಿ ಓದಿ ಮುಗಿಸುವಂಥವು. ಸಾಹಿತ್ಯದ ಇತಿಹಾಸಕಾರರು ಇವುಗಳಿಗೆ ಕೊಟ್ಟ ಸ್ಥಳ ಅಲ್ಪ. ವಿದ್ವಾಂಸರಾದ ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ಕುಳಿತು ವಚನಗಳ ತಾಡೋಲೆಗಳನ್ನು ಶೋಧಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿಯೇ, ಅದೇ ಜಿಲ್ಲೆಯಲ್ಲಿ ಆ ವಚನಧರ್ಮವನ್ನು ದಿನದ ಬದುಕಿಗೆ ಇಳಿಸುವ ಕೆಲಸವನ್ನು ಮಂಜಪ್ಪನವರು ಮಾಡುತ್ತಿದ್ದರು.

1930ರ ತರುವಾಯ ಗಾಳಿ ಬದಲಾಯಿತು. ಉಪ್ಪಿನ ಸತ್ಯಾಗ್ರಹ, ಕರನಿರಾಕರಣೆಗಳಲ್ಲಿ ಹಳ್ಳಿಯ ಒಕ್ಕಲಿಗರು ಭಾಗವಹಿಸಿದರು. ಬ್ರಾಹ್ಮಣೇತರ ಪಕ್ಷದಲ್ಲಿದ್ದ ಲಿಂಗಾಯತರು ಒಬ್ಬೊಬ್ಬರಾಗಿ ಕಾಂಗ್ರೆಸ್ಸಿಗೆ ಬಂದರು. 1937ರ ಚುನಾವಣೆಯ ಹೊತ್ತಿಗೆ ಮುಂಬಯಿ ಕರ್ನಾಟಕದಲ್ಲಿ ಕಾಂಗ್ರೆಸ್ಸೇ ಪ್ರಬಲವಾಯಿತು, ಮಂತ್ರಿಮಂಡಲವನ್ನೂ ರಚಿಸಿತು. 1924ರಲ್ಲಿ ಕಾಂಗ್ರೆಸ್ಸಿಗೆ ಹೋದವನು ಸಮಾಜದ ಹಿತಕ್ಕೆ ಎರವಾದವನೆನಿಸುತ್ತಿದ್ದ. 1937ರಲ್ಲಿ ಹೋಗದವನು ಹಾಗೆನಿಸಿದ. ಹದಿಮೂರು ವರ್ಷಗಳಲ್ಲಿ ಪಕ್ಷದ ಪುಣ್ಯಪಾಪಗಳು ಅದಲುಬದಲಾದವು. ಅಧಿಕಾರದ ಹೊಸ್ತಿಲಿನಲ್ಲಿ ಕಾಂಗ್ರೆಸ್ಸು ನಿಂತಿದ್ದಾಗ, ಅದರ ಕಷ್ಟದ ದಿನಗಳಲ್ಲಿ ಬಸವೇಶ್ವರನ ಹೆಸರಿನ ಪಡೆಯೊಡನೆ ಸೇವೆಗೆ ಬಂದವರು ಆಲಮಟ್ಟಿಯಲ್ಲಿ ಹುಡುಗರ ಜೊತೆಗೆ ನೂಲುತ್ತಿದ್ದರು.

1947ರ ಜನವರಿ 3ರಂದು ಮಂಜಪ್ಪನವರು ಲಿಂಗೈಕ್ಯರಾದರು. ಸ್ವಾತಂತ್ರ್ಯಕ್ಕೆ ಇನ್ನು ಏಳೂವರೆ ತಿಂಗಳು ಮಾತ್ರ ಉಳಿದಿತ್ತು. ಬೆಳಗಾವಿ, ಖಾನಾಪುರಗಳು 1956ರಲ್ಲಿ ಏಕೀಕೃತ ರಾಜ್ಯಕ್ಕೆ ಸೇರಿದವು. ಆಮೇಲಿನ ದಶಕಗಳಲ್ಲಿ ಇಲ್ಲಿಯ ಚುನಾವಣೆಗಳಲ್ಲಿ ಜಾತಿಯ ಜೊತೆಗೆ ಭಾಷೆಯೂ ಪಕ್ಷವನ್ನು ಗೊತ್ತುಮಾಡತೊಡಗಿತು. ಒಂದೇ ಓಣಿಯ, ಒಂದೇ ವಿಭೂತಿಯ ಮನೆಗಳು ಕನ್ನಡ, ಮರಾಠಿಗಳೆಂದು ಎದುರುಬದುರಾದುದನ್ನು ಈ ಭಾಗದ ಹಿರಿಯರು ಬಲ್ಲರು.

ಬೆಳಗಾವಿ ಅಧಿವೇಶನದ ಶತಮಾನೋತ್ಸವವು 2024ರ ಡಿಸೆಂಬರಿನಲ್ಲಿ ನಡೆಯಿತು. ಅದೇ ವರ್ಷದ ಜನವರಿಯಲ್ಲಿ ಕರ್ನಾಟಕ ಸರ್ಕಾರವು ವಿಶ್ವಗುರು ಬಸವಣ್ಣನವರನ್ನು ರಾಜ್ಯದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿ, ಅವರ ಭಾವಚಿತ್ರವನ್ನು ಸರ್ಕಾರಿ ಕಚೇರಿಗಳಲ್ಲಿ ಹಾಕಬೇಕೆಂದು ಆಜ್ಞೆ ಮಾಡಿತು. ಆ ಘೋಷಣೆಯನ್ನು ಎಲ್ಲ ಪಕ್ಷದವರೂ ಸ್ವಾಗತಿಸಿದರು. ದಾವಣಗೆರೆಯ ವಿರಕ್ತಮಠದಲ್ಲಿ ಮೊದಲ ಜಯಂತಿ ನಡೆದು ಆಗ ನೂರಾ ಹನ್ನೊಂದನೆಯ ವರ್ಷ.